ಮೊದಲ ತುತ್ತಿಗೂ ಮೊದಲು

ಉಣ್ಣುವ ಮುನ್ನ ಕೈಮುಗಿಯುವ ರೂಢಿ ನಮ್ಮ ನಾಡಿನಲ್ಲಿ ಹೊಲದ ಬದುವಿನಿಂದ ಮಠದ ದಾಸೋಹದವರೆಗೆ, ಇಗರ್ಜಿಯಿಂದ ಗುರುದ್ವಾರದವರೆಗೆ ಹಬ್ಬಿದೆ. ನಾಲ್ಕು ಜನರೆದುರು ಆಡುವ ಆ ಮಾತು ನಾಲ್ಕು ಜನರಿಗೆ ಕೊಟ್ಟ ಮಾತೂ ಹೌದು.

ಎಳ್ಳಮಾವಾಸ್ಯೆಯ ದಿನ ಕಲಬುರಗಿ, ಬೀದರ್, ವಿಜಯಪುರ ಸೀಮೆಯ ಊರುಗಳು ಮಧ್ಯಾಹ್ನದ ಹೊತ್ತಿಗೆ ಬರಿದಾಗುತ್ತವೆ. ಜನರೆಲ್ಲ ಹೊಲದಲ್ಲಿರುತ್ತಾರೆ. ಬಿಳಿಜೋಳ ಎತ್ತರಕ್ಕೆ ಬೆಳೆದು, ಕಡಲೆ ಕಾಯಿಗಟ್ಟುವ ಕಾಲ ಅದು. ಬುಟ್ಟಿಗಳಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಡುಬು, ಹತ್ತಾರು ಸೊಪ್ಪು ಕಾಳು ಕೂಡಿಸಿ ಕುದಿಸಿದ ಭಜ್ಜಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ. ನಡೆದು ಬಂದು ಹೊಟ್ಟೆ ಹಸಿದಿದ್ದರೂ ಯಾರೂ ಬುಟ್ಟಿಗೆ ಕೈ ಹಾಕುವುದಿಲ್ಲ. ಬನ್ನಿ ಗಿಡದ ಬುಡದಲ್ಲೋ ಬದುವಿನ ಮೇಲೋ ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸುತ್ತಾರೆ. ಮಾಡಿ ತಂದ ಅಡುಗೆಯಲ್ಲಿ ಒಂದೊಂದು ಚೂರು ತೆಗೆದು ಕಲಸಿ ಚರಗ ಮಾಡುತ್ತಾರೆ. ಒಬ್ಬರು ಅದನ್ನು ಬೆಳೆಯ ಮೇಲೆ ಚೆಲ್ಲುತ್ತ ‘ಹುಲ್ಲುಲ್ಲಿಗೋ’ ಎಂದು ಕೂಗಿದರೆ, ತಂಬಿಗೆಯ ನೀರು ಚಿಮುಕಿಸುತ್ತ ಹಿಂದೆ ಬರುವವರು ಮಾರುಗೂಗು ಕೊಡುತ್ತಾರೆ. ಆ ಕೂಗಿನ ರೂಪ ಊರಿಂದೂರಿಗೆ ಬೇರೆ. ಹೊಲವನ್ನೆಲ್ಲ ಹೀಗೆ ಸುತ್ತಿ ಬಂದ ಮೇಲೆಯೇ ಮನೆಮಂದಿ ಸಾಲಾಗಿ ಕೂರುವುದು. ಹೊಲವಿಲ್ಲದ ಗೆಳೆಯರನ್ನು, ಊರಿನ ಪರಿಚಯದವರನ್ನು ಮೊದಲೇ ಕರೆದಿರುತ್ತಾರೆ. ದಾರಿಯಲ್ಲಿ ಹೋಗುವವರನ್ನೂ ‘ಬರ್ರಿ, ಉಂಡು ಹೋಗ್ರಿ’ ಎಂದು ಕೂಗಿ ಕೂರಿಸುತ್ತಾರೆ.

ಚರಗದ ಅಗುಳಿಗೆ ಬಂದ ಹಕ್ಕಿಗಳು ಬೆಳೆಯ ಹುಳುವನ್ನೂ ಹೆಕ್ಕುತ್ತವೆ ಎಂದು ವಿವರಿಸುವ ರೈತರಿದ್ದಾರೆ. ಆ ವಿವರಣೆ ಇಲ್ಲದಿದ್ದರೂ ಆಚರಣೆ ಉಳಿಯುತ್ತದೆ. ಊಟಕ್ಕೆ ಮೊದಲು ಊಟ ಕೊಟ್ಟ ನೆಲಕ್ಕೆ, ಆಮೇಲೆ ಆ ನೆಲದಲ್ಲಿ ಪಾಲಿಲ್ಲದವರಿಗೆ, ಕೊನೆಗೆ ತಮಗೆ ಎಂಬ ಸರದಿ ಅದರಲ್ಲಿದೆ. ಊಟದ ಮೊದಲಿನ ಪ್ರಾರ್ಥನೆ ಎಂದಾಗ ನನಗೆ ಮೊದಲು ನೆನಪಾಗುವುದು ಈ ಸರದಿ. ಮಂತ್ರ, ಶ್ಲೋಕ, ಮೌನ, ಕೂಗು ಎಲ್ಲವೂ ಇದನ್ನು ನೆನಪಿನಲ್ಲಿ ಇರಿಸಲಿಕ್ಕೆ ಹುಟ್ಟಿದವು. ನಾಲ್ಕು ಜನರ ಮುಂದೆ ಕೈಮುಗಿದು ಉಣ್ಣುವವರು ತಿಳಿದೋ ತಿಳಿಯದೆಯೋ ಸಾಕ್ಷಿಗಳೆದುರು ಒಂದು ಮಾತು ಕೊಡುತ್ತಾರೆ: ಈ ಅನ್ನ ನನ್ನೊಬ್ಬನದಲ್ಲ. ಆ ಮಾತನ್ನು ಉಳಿಸಿಕೊಳ್ಳುವುದು ಹೇಗೆ ಎಂಬುದೇ ಈ ಬರಹದ ಕಾಳಜಿ.

ತೆನೆಯಿಂದ ಎಲೆಗೆ

ಎಳ್ಳಮಾವಾಸ್ಯೆ ಬಯಲುಸೀಮೆಯದಾದರೆ ಮಲೆನಾಡಿಗೆ ಭೂಮಿ ಹುಣ್ಣಿಮೆ ಇದೆ. ಆಶ್ವಯುಜದ ಹುಣ್ಣಿಮೆಯ ಹೊತ್ತಿಗೆ ಗದ್ದೆಯ ಭತ್ತ ಹೊಡೆ ಬಿಚ್ಚಿರುತ್ತದೆ. ತುಂಬಿದ ಬಸುರಿಗೆ ಬಯಕೆಯ ಊಟ ಹಾಕುವ ಹಾಗೆ ಭೂಮಿಗೂ ಊಟ ಹಾಕಬೇಕೆಂಬುದು ಅಲ್ಲಿಯ ನಂಬಿಕೆ. ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬದ ಕಡೆ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಬುಟ್ಟಿಯ ಮೇಲೆ ಬಿಳಿಯ ಚಿತ್ತಾರ ಬರೆದು ‘ಭೂಮಣ್ಣಿ ಬುಟ್ಟಿ’ ಸಿದ್ಧಮಾಡುತ್ತಾರೆ. ರಾತ್ರಿಯೆಲ್ಲ ಅಡುಗೆ ನಡೆಯುತ್ತದೆ. ಬಗೆಬಗೆಯ ಸೊಪ್ಪು ಕಾಯಿಗಳನ್ನು ಬೇಯಿಸಿದ ಹಚ್ಚಂಬಲಿಯನ್ನು ನಸುಕಿನಲ್ಲಿ ಗದ್ದೆಗೆ ಬೀರಿ, ಭೂಮಿತಾಯಿಯನ್ನು ಉಣ್ಣಲು ಕರೆದು, ಪೂಜೆ ಮುಗಿಸಿ, ಅಲ್ಲೇ ಗದ್ದೆಯಲ್ಲಿ ಎಲ್ಲರೂ ಕೂತು ಉಣ್ಣುತ್ತಾರೆ. ಕೊಡಗಿನ ಪುತ್ತರಿಯಲ್ಲಿ ಹುಣ್ಣಿಮೆಯ ಇರುಳು ಗದ್ದೆಗಿಳಿದು ‘ಪೊಲಿ ಪೊಲಿ ದೇವಾ’ ಎಂದು ಕೂಗುತ್ತ ಕದಿರು ಕೊಯ್ದು ಮನೆತುಂಬಿಸಿಕೊಂಡ ಮೇಲೆಯೇ ಹೊಸ ಅಕ್ಕಿಯ ಊಟ.

ಕರಾವಳಿಯ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಸೆಪ್ಟೆಂಬರ್ 8, ಮೇರಿ ಮಾತೆಯ ಜನ್ಮದಿನ, ಮೊಂತಿ ಹಬ್ಬ. ಒಂಬತ್ತು ದಿನ ಮಕ್ಕಳು ಹೂ ತಂದು ಬಾಲಮೇರಿಗೆ ಅರ್ಪಿಸುತ್ತಾರೆ. ಹಬ್ಬದ ದಿನ ಇಗರ್ಜಿಯಲ್ಲಿ ಹೊಸ ತೆನೆಗಳನ್ನು ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ. ಮನೆಯಲ್ಲಿ ಕಾಳು ಸುಲಿದು ಪುಡಿಮಾಡಿ ಹಾಲಿಗೋ ಪಾಯಸಕ್ಕೋ ಬೆರೆಸುತ್ತಾರೆ. ಎಲ್ಲರೂ ಸೇರಿ ಪ್ರಾರ್ಥಿಸಿದ ಬಳಿಕ ಹಿರಿಯರು ಅದನ್ನು ಒಬ್ಬೊಬ್ಬರಿಗೂ ಕೊಡುತ್ತಾರೆ. ನಂತರ ಬಾಳೆಯೆಲೆಯಲ್ಲಿ ತರಕಾರಿಯ ಊಟ. ಈ ಹೊಸ ಅಕ್ಕಿಯ ಊಟಕ್ಕೆ ‘ನೊವೆಂ’ ಎನ್ನುತ್ತಾರೆ. ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿಯಲ್ಲಿ 18ನೆಯ ಶತಮಾನದಲ್ಲಿ ಫಾದರ್ ಜೋಕಿಂ ಮಿರಾಂದ ಅವರು ಈ ಹಬ್ಬವನ್ನು ಬೆಳೆಸಿದರೆಂಬುದು ಸಮುದಾಯದ ನೆನಪು. ದುಬೈಗೋ ಮುಂಬೈಗೋ ಹೋದ ಮಕ್ಕಳಿಗೆ ಆಶೀರ್ವದಿಸಿದ ಕಾಳನ್ನು ಲಕೋಟೆಯಲ್ಲಿಟ್ಟು ಕಳುಹಿಸುವ ತಾಯಂದಿರಿದ್ದಾರೆ. ಎದುರಿಗೆ ಕೂತಿಲ್ಲದವರಿಗೂ ಆ ಊಟದಲ್ಲಿ ಪಾಲು ಇದೆಯೆಂಬ ಈ ಎಣಿಕೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ದೇವರ ಹೆಸರು, ಭಾಷೆ, ಅಡುಗೆ ಎಲ್ಲ ಬೇರೆಯಾದ ಈ ನಾಲ್ಕು ಹಬ್ಬಗಳಲ್ಲೂ ಮೊದಲ ತುತ್ತು ಉಣ್ಣುವವನದಲ್ಲ.

ಎಲೆಯ ಸುತ್ತ ನೀರು

ವೈದಿಕ ಮನೆಗಳ ಪಂಕ್ತಿಯಲ್ಲಿ ಈ ವಿಚಾರ ಸೂಕ್ಷ್ಮವಾದ ವಿಧಿಯಾಗಿ ಬೆಳೆದಿದೆ. ಎಲೆಯ ತುದಿಗೆ ಉಪ್ಪಿನಿಂದ ಹಿಡಿದು ಕೋಸಂಬರಿ, ಪಲ್ಯ, ಅನ್ನ, ತೊವ್ವೆ ಎಲ್ಲ ಬಂದು, ಕೊನೆಗೆ ತುಪ್ಪ ಬೀಳುವವರೆಗೆ ಯಾರೂ ಕೈ ಹಾಕುವಂತಿಲ್ಲ. ತುಪ್ಪ ಬಿದ್ದ ಮೇಲೆ ಬಲಗೈಯಲ್ಲಿ ನೀರು ಹಿಡಿದು ಎಲೆಯ ಸುತ್ತ ಬಿಡುವುದು ಪರಿಷೇಚನೆ. ಅದರ ಮಂತ್ರ ಹಗಲಿಗೆ ಒಂದು, ಇರುಳಿಗೆ ಒಂದು. ಎಲೆಯ ಬಲಗಡೆ ನೆಲದ ಮೇಲೆ ಕೆಲವು ಅಗುಳು ಇಡುವುದು ಚಿತ್ರಾಹುತಿ. ಚಿತ್ರಗುಪ್ತ, ಯಮರ ಹೆಸರಿನ ಪಾಲು ಅದು. ಅಂಗೈಯ ನೀರನ್ನು ಕುಡಿಯುವುದು ಆಪೋಶನ. ಬಳಿಕ ಪ್ರಾಣ, ಅಪಾನ, ವ್ಯಾನ, ಉದಾನ, ಸಮಾನಗಳಿಗೆ ಒಂದೊಂದು ಪುಟ್ಟ ತುತ್ತು, ಹಲ್ಲಿಗೆ ತಾಗಿಸದೆ ನುಂಗಬೇಕು. ಊಟ ಮುಗಿದಾಗ ಮತ್ತೆ ಉತ್ತರಾಪೋಶನ.

ಈ ಐದು ತುತ್ತಿನ ಹಿಂದೆ ಛಾಂದೋಗ್ಯ ಉಪನಿಷತ್ತಿನ ಐದನೆಯ ಅಧ್ಯಾಯದ ಚಿಂತನೆಯಿದೆ. ಉಣ್ಣುವವನ ಒಡಲೇ ಯಜ್ಞಕುಂಡ, ಮೊದಲ ಅನ್ನವೇ ಆಹುತಿ ಎಂಬುದು ಅಲ್ಲಿಯ ಮಾತು. ತೃಪ್ತಿ ಒಂದು ಹೊಟ್ಟೆಯಲ್ಲಿ ನಿಲ್ಲದೆ ಹೊರಗೆ ಹರಿಯುವುದನ್ನು ಆ ಭಾಗ ಹೆಜ್ಜೆಹೆಜ್ಜೆಯಾಗಿ ಹೇಳುತ್ತದೆ: ಪ್ರಾಣ ತಣಿದರೆ ಕಣ್ಣು, ಕಣ್ಣಿನಿಂದ ಸೂರ್ಯ, ಸಮಾನ ತಣಿದರೆ ಮನಸ್ಸು, ಮನಸ್ಸಿನಿಂದ ಮಳೆ. ಒಬ್ಬನ ಊಟದಿಂದ ಸೂರ್ಯನೂ ಮಳೆಯೂ ತಣಿಯಬೇಕಾದರೆ ಆ ಊಟ ಎಷ್ಟು ಎಚ್ಚರದಲ್ಲಿ ನಡೆಯಬೇಕು! ತೈತ್ತಿರೀಯ ಉಪನಿಷತ್ತಿನ ಭೃಗುವಲ್ಲಿ ಇದಕ್ಕೆ ನಡತೆಯ ರೂಪ ಕೊಡುತ್ತದೆ. ಅನ್ನವನ್ನು ಹಳಿಯಬಾರದು, ಹೆಚ್ಚಾಗಿ ಬೆಳೆಯಬೇಕು, ಬಾಗಿಲಿಗೆ ಬಂದವರನ್ನು ಕಳಿಸಿಬಿಡಬಾರದು ಎಂದು ಅದು ವ್ರತವಾಗಿ ವಿಧಿಸುತ್ತದೆ.

ಈ ಪಂಕ್ತಿಗಳ ಇನ್ನೊಂದು ಸೊಬಗು ಅಲ್ಲಿ ಕೇಳುವ ದನಿ. ದಕ್ಷಿಣ ಕನ್ನಡ, ಉತ್ತರ ಕನ್ನಡದ ಮದುವೆ ಉಪನಯನಗಳಲ್ಲಿ ಊಟದ ನಡುವೆ ಯಾರಾದರೂ ಶ್ಲೋಕವನ್ನೋ ಚೂರ್ಣಿಕೆಯನ್ನೋ ಗಟ್ಟಿಯಾಗಿ ಹೇಳುತ್ತಾರೆ. ಉಳಿದವರು ‘ಗೋವಿಂದ’ ಎಂದೋ ‘ಹರಹರ ಮಹಾದೇವ’ ಎಂದೋ ದನಿಗೂಡಿಸುತ್ತಾರೆ. ಯಜಮಾನರು ಸಾಲಿನ ನಡುವೆ ಕೈಮುಗಿದು ನಡೆಯುತ್ತ ‘ಸಾವಕಾಶವಾಗಿ ಆಗಲಿ’ ಎಂದು ಬೇಡಿಕೊಳ್ಳುತ್ತಾರೆ. ಉಂಡವರು ‘ಅನ್ನದಾತಾ ಸುಖೀಭವ’ ಎಂದು ಹರಸಿ ಏಳುತ್ತಾರೆ.

ಇಷ್ಟು ಚೆಲುವಾದ ವಿಧಿಯಲ್ಲಿ ಅಡುಗೆ ಮಾಡಿದವಳ ಜಾಗ ಎಲ್ಲಿ? ಪರಿಷೇಚನೆಯ ಮಂತ್ರ ಉಪನಯನವಾದ ಗಂಡಸಿಗಷ್ಟೇ ಸಂದಿತು. ನಸುಕಿಗೆ ಎದ್ದು ಒಲೆ ಸಾರಿಸಿ, ರಂಗೋಲಿ ಎಳೆದು, ಹೊಗೆಯಲ್ಲಿ ಕಣ್ಣೊರೆಸಿಕೊಂಡು ಬೇಯಿಸಿದವಳು ಎಲ್ಲರ ಪಂಕ್ತಿ ಮುಗಿದ ಮೇಲೆ ಉಳಿದದ್ದನ್ನು ಉಣ್ಣುತ್ತಿದ್ದಳು. ಅವಳ ಪ್ರಾರ್ಥನೆ ಬೇರೆ ತೆರನದಾಗಿತ್ತು: ಹೊತ್ತಿಸುವ ಮುನ್ನ ಒಲೆಗೆ ಇಟ್ಟ ಕುಂಕುಮ, ಆಕಳಿಗೆ ತೆಗೆದಿಟ್ಟ ಮೊದಲ ರೊಟ್ಟಿ, ಭಿಕ್ಷೆಗೆ ಬಂದವರ ಜೋಳಿಗೆಗೆ ಸುರಿದ ಒಂದು ಬೊಗಸೆ ಅಕ್ಕಿ. ಅದಕ್ಕೆ ಶ್ಲೋಕವಿಲ್ಲ, ಆದರೆ ಊಟದ ಪ್ರಾರ್ಥನೆಯಾಗಿ ಅದರ ತೂಕ ಯಾವ ಮಂತ್ರಕ್ಕೂ ಕಡಿಮೆಯದಲ್ಲ.

ದಾಸೋಹದ ತಟ್ಟೆ

12ನೆಯ ಶತಮಾನದ ಶರಣರು ಈ ವಿಧಿಯನ್ನು ಹೆಂಗಸು ಗಂಡಸೆನ್ನದೆ ಎಲ್ಲರ ಅಂಗೈಗೆ ತಂದರು. ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು, ಅದಕ್ಕೆ ಅರ್ಪಿಸಿ, ಬಳಿಕ ಪ್ರಸಾದವಾಗಿ ಸ್ವೀಕರಿಸುವುದು ಅವರ ದಾರಿ. ಅರ್ಪಿಸಬೇಕಾದರೆ ಅನ್ನ ದುಡಿದು ಬಂದದ್ದಾಗಿರಬೇಕೆಂಬ ಕಟ್ಟುಪಾಡು ಜೊತೆಗೇ ಬಂತು. ಆಯ್ದಕ್ಕಿ ಮಾರಯ್ಯ ಕಲ್ಯಾಣದಲ್ಲಿ ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದಳೆಂಬ ಕಥೆ ಕನ್ನಡಿಗರಿಗೆ ಚಿರಪರಿಚಿತ. ದೇವರ ಮುಂದೆ ಇಡುವ ಅನ್ನವೇ ಆದರೂ ಬೇಕಾದಷ್ಟಕ್ಕಿಂತ ಹೆಚ್ಚಾದದ್ದು ಇನ್ನೊಬ್ಬರದು ಎಂದು ತೀರ್ಮಾನಿಸಿದವಳು ಅಡುಗೆಮನೆಯ ಹೆಣ್ಣುಮಗಳು. ಉಣ್ಣುವ ಮುನ್ನದ ಪ್ರಾರ್ಥನೆಗೆ ಇದಕ್ಕಿಂತ ಕಠಿಣವಾದ ವ್ಯಾಖ್ಯಾನ ನನಗೆ ಗೊತ್ತಿಲ್ಲ.

ಈ ಪರಂಪರೆ ಇಂದು ಕಣ್ಣಿಗೆ ಕಾಣುವ ದೊಡ್ಡ ಜಾಗ ತುಮಕೂರಿನ ಸಿದ್ಧಗಂಗಾ ಮಠ. ಸುಮಾರು 10 ಸಾವಿರ ಮಕ್ಕಳು ಅಲ್ಲಿ ಉಳಿದು ಓದುತ್ತಾರೆ, ಜಾತಿ ಮತದ ಪ್ರಶ್ನೆಯಿಲ್ಲದೆ. ಬಯಲಿನಲ್ಲಿ ಸಾಲುಸಾಲಾಗಿ ಕೂತ ಮಕ್ಕಳ ಸಾಮೂಹಿಕ ಪ್ರಾರ್ಥನೆ, ಬಳಿಕ ಪ್ರಸಾದ. ಆ ಮಠದ ಶಿವಕುಮಾರ ಸ್ವಾಮೀಜಿ 2019ರ ಜನವರಿ 21ರಂದು, 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದರು. ಮಧ್ಯಾಹ್ನಕ್ಕೆ ಮುಂಚೆಯೇ ಉಸಿರು ನಿಂತಿತ್ತು. ಮಕ್ಕಳ ಊಟ ಆದ ಮೇಲೆಯೇ ಸುದ್ದಿ ತಿಳಿಸಬೇಕೆಂಬುದು ಅವರ ಇಚ್ಛೆಯಾಗಿತ್ತೆಂದು ಆಗ ಎಲ್ಲೆಡೆ ವರದಿಯಾಯಿತು. ಬದುಕಿನುದ್ದಕ್ಕೂ ಮಕ್ಕಳೊಂದಿಗೆ ಪ್ರಾರ್ಥನೆಗೆ ಕೂತವರಿಗೆ ತಮ್ಮ ಸಾವು ಕೂಡ ಊಟದ ಸರದಿಯಲ್ಲಿ ಹಿಂದೆ ನಿಲ್ಲಬೇಕಾದದ್ದಾಗಿತ್ತು. ಆ ದಿನವನ್ನು ಕರ್ನಾಟಕ ಸರ್ಕಾರ ದಾಸೋಹ ದಿನವೆಂದು ಘೋಷಿಸಿದೆ.

ಬೀದರಿನ ನಾನಕ್ ಝೀರಾ ಗುರುದ್ವಾರದ ಲಂಗರ್ ಇದಕ್ಕೆ ಹತ್ತಿರದ ಇನ್ನೊಂದು ಮನೆ. ಅರ್ದಾಸ್ ಪ್ರಾರ್ಥನೆಯಾಗಿ, ಮಾಡಿದ ಅಡುಗೆಗೆ ಕಿರ್ಪಾಣ್ ತಾಗಿಸಿದ ಬಳಿಕ ಬಡಿಸುವುದು ಸಿಖ್ಖರ ಕ್ರಮ. ಎಲ್ಲರೂ ತಲೆಗೆ ಬಟ್ಟೆ ಕಟ್ಟಿ, ನೆಲದ ಮೇಲೆ ಒಂದೇ ಸಾಲಿನಲ್ಲಿ ಕೂರಬೇಕು. 1699ರಲ್ಲಿ ಗುರು ಗೋವಿಂದ ಸಿಂಗರ ಕರೆಗೆ ಎದ್ದುನಿಂತ ಐವರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರಿನ ಕ್ಷೌರಿಕ ಮನೆತನದವರೆಂದು ಸಿಖ್ ಪರಂಪರೆ ನೆನೆಯುತ್ತದೆ.

ಮುಸ್ಲಿಮರ ಮನೆಯಲ್ಲಿ ಮೊದಲ ತುತ್ತಿಗೆ ‘ಬಿಸ್ಮಿಲ್ಲಾ’, ಮುಗಿದಾಗ ‘ಅಲ್‌ಹಮ್ದುಲಿಲ್ಲಾ’. ಆರಂಭದಲ್ಲಿ ಮರೆತರೆ ನೆನಪಾದ ಕೂಡಲೇ ಹೇಳುವುದಕ್ಕೂ ಪ್ರವಾದಿಯವರ ಬೋಧನೆಯಲ್ಲಿ ಅವಕಾಶವಿದೆ. ಮರೆವನ್ನು ಮೊದಲೇ ಎಣಿಸಿ, ಮರಳುವ ದಾರಿಯನ್ನೂ ಇಟ್ಟಿರುವ ಈ ಕರುಣೆ ದೊಡ್ಡದು. ಹಸಿದವನಿಗೆ ಎಲ್ಲ ಹೊತ್ತಿನಲ್ಲೂ ದೇವರ ನೆನಪಾಗದು. ಇನ್ನು 1961ರಿಂದ ನಮ್ಮ ನೆರೆಯವರಾದ ಬೈಲುಕುಪ್ಪೆಯ ಟಿಬೆಟನ್ನರ ವಿಹಾರಗಳಲ್ಲಿ ಭಿಕ್ಷುಗಳು ಬುದ್ಧ, ಧರ್ಮ, ಸಂಘಕ್ಕೆ ಅನ್ನವನ್ನು ಅರ್ಪಿಸಿ ಪಠಿಸಿದ ಮೇಲೆ ಬಟ್ಟಲಿಗೆ ಕೈ ಹಾಕುತ್ತಾರೆ.

ಹತ್ತು ಜನರ ನಡುವೆ

ಮನೆಯಲ್ಲಿ, ಮಠದಲ್ಲಿ ಸಹಜವಾದ ಈ ರೂಢಿ ಹೋಟೆಲಿನ ಮೇಜಿನ ಮುಂದೆ, ರೈಲಿನ ಬೋಗಿಯಲ್ಲಿ, ಕಚೇರಿಯ ಕ್ಯಾಂಟೀನಿನಲ್ಲಿ ಹೇಗೆ ಉಳಿಯುತ್ತದೆ? ಅಮೆರಿಕದ ಚಿತ್ರಕಾರ ನಾರ್ಮನ್ ರಾಕ್‌ವೆಲ್ 1951ರಲ್ಲಿ ‘ಸೇಯಿಂಗ್ ಗ್ರೇಸ್’ ಎಂಬ ಚಿತ್ರ ಬರೆದರು. ಅದು ಆ ವರ್ಷದ ನವೆಂಬರ್ 24ರ ‘ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್’ ಪತ್ರಿಕೆಯ ಮುಖಪುಟವಾಯಿತು. ರೈಲು ನಿಲ್ದಾಣದ ಪಕ್ಕದ ಗಿಜಿಗುಡುವ ಹೋಟೆಲು. ಒಬ್ಬ ಅಜ್ಜಿ, ಒಬ್ಬ ಪುಟ್ಟ ಹುಡುಗ ತಲೆಬಾಗಿಸಿ ಪ್ರಾರ್ಥಿಸುತ್ತಿದ್ದಾರೆ. ಅದೇ ಮೇಜಿನಲ್ಲಿ ಕೂತ ಇಬ್ಬರು ಯುವಕರು ತಿನ್ನುವುದನ್ನು ಬಿಟ್ಟು ಅವರನ್ನೇ ನೋಡುತ್ತಿದ್ದಾರೆ. ಸುತ್ತಲಿನವರ ಕಣ್ಣೂ ಅತ್ತಲೇ ಇದೆ. 2013ರಲ್ಲಿ ಅದು 4 ಕೋಟಿ 60 ಲಕ್ಷ ಡಾಲರಿಗೆ ಹರಾಜಾಯಿತು.

ನನ್ನನ್ನು ಆ ಚಿತ್ರದಲ್ಲಿ ಹಿಡಿದು ನಿಲ್ಲಿಸುವವರು ಆ ಯುವಕರು. ಅವರು ಪ್ರಾರ್ಥನೆಗೆ ಸೇರಿಕೊಂಡಿಲ್ಲ. ನಗುತ್ತಲೂ ಇಲ್ಲ, ಎದ್ದೂ ಹೋಗಿಲ್ಲ. ಮೇಜು ಹಂಚಿಕೊಂಡ ಅಪರಿಚಿತರಿಗೆ ಅರ್ಧ ನಿಮಿಷ ಜಾಗ ಬಿಟ್ಟುಕೊಟ್ಟಿದ್ದಾರೆ. ಅಜ್ಜಿಯೂ ಅಷ್ಟೇ, ಯಾರನ್ನೂ ಕೈಮುಗಿಯಿರೆಂದು ಕರೆದಿಲ್ಲ, ದನಿಯೇರಿಸಿಲ್ಲ. ಸಾರ್ವಜನಿಕ ಸ್ಥಳದ ಪ್ರಾರ್ಥನೆಗೆ ಬೇಕಾದ ಎರಡೂ ಕಡೆಯ ಮರ್ಯಾದೆ ಆ ಒಂದು ಮೇಜಿನಲ್ಲಿದೆ.

ಇಂಥ ಮರ್ಯಾದೆ ನಮ್ಮಲ್ಲೂ ದಿನವೂ ನಡೆಯುತ್ತದೆ. ದರ್ಶಿನಿಯಲ್ಲಿ ನಿಂತು ಉಣ್ಣುವವರು ತಟ್ಟೆಯನ್ನು ಕಣ್ಣಿಗೊತ್ತಿಕೊಳ್ಳುತ್ತಾರೆ. ಹೆದ್ದಾರಿಯ ಡಾಬಾದಲ್ಲಿ ಲಾರಿ ಚಾಲಕರು ಬಾಯೊಳಗೇ ‘ಬಿಸ್ಮಿಲ್ಲಾ’ ಅನ್ನುತ್ತಾರೆ. ರೈಲಿನಲ್ಲಿ ಹಿರಿಯರೊಬ್ಬರು ಬುತ್ತಿ ಬಿಚ್ಚಿ ಬಾಟಲಿಯ ಮುಚ್ಚಳದಲ್ಲಿ ನೀರು ಹಿಡಿದು ಕಾಗದದ ತಟ್ಟೆಯ ಸುತ್ತ ಬಿಡುತ್ತಾರೆ, ಎದುರು ಸೀಟಿನ ಹುಡುಗಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿ ಡಬ್ಬಿ ತೆರೆಯುತ್ತಾಳೆ. ಆಮೇಲೆ ‘ಸ್ವಲ್ಪ ಉಪ್ಪಿನಕಾಯಿ ಹಾಕ್ಕೊಳ್ಳಿ’ ಎಂಬ ಮಾತು ಒಂದು ಸೀಟಿನಿಂದ ಇನ್ನೊಂದಕ್ಕೆ ಹೋಗುತ್ತದೆ. ಪ್ರಾರ್ಥನೆ ಅರ್ಥ ಪಡೆಯುವುದು ಆ ಉಪ್ಪಿನಕಾಯಿಯಲ್ಲಿ.

ಬಿಸಿಯೂಟದ ಸಾಲು

ಊಟದ ಮೊದಲಿನ ಸಾರ್ವಜನಿಕ ಪ್ರಾರ್ಥನೆ ನಮ್ಮ ರಾಜ್ಯದಲ್ಲಿ ಅತಿ ಹೆಚ್ಚು ಬಾಯಿಗಳಿಂದ ಹೊರಡುವ ಜಾಗ ಸರ್ಕಾರಿ ಶಾಲೆಯ ಜಗಲಿ. ಸುಪ್ರೀಂ ಕೋರ್ಟ್ 2001ರ ನವೆಂಬರ್ 28ರಂದು ಶಾಲಾಮಕ್ಕಳಿಗೆ ಬೇಯಿಸಿದ ಊಟ ಕೊಡಬೇಕೆಂದು ಆದೇಶಿಸಿತು. 2002ರಲ್ಲಿ ಕರ್ನಾಟಕ ಈಶಾನ್ಯದ ಹಿಂದುಳಿದ ಜಿಲ್ಲೆಗಳಿಂದ ಶುರುಮಾಡಿ, ಯೋಜನೆಗೆ ಶರಣರ ನೆನಪಿನಲ್ಲಿ ‘ಅಕ್ಷರ ದಾಸೋಹ’ ಎಂದು ಹೆಸರಿಟ್ಟಿತು. ತಟ್ಟೆ ಹಿಡಿದು ಸಾಲಾಗಿ ಕೂತ ಮಕ್ಕಳು ಒಂದು ಶ್ಲೋಕವನ್ನೋ ಪ್ರಾರ್ಥನೆಯನ್ನೋ ಒಟ್ಟಾಗಿ ಹೇಳಿ ಊಟ ಶುರುಮಾಡುವುದು ಅನೇಕ ಶಾಲೆಗಳ ರೂಢಿ. ಆ ದನಿ ಕೇಳುವುದೇ ಒಂದು ಸುಖ. ಎಲ್ಲರಿಗೂ ಬಡಿಸುವವರೆಗೆ ಕಾಯುವ ಪಾಠ ಮಕ್ಕಳಿಗೆ ಅದರಿಂದ ಸಿಗುತ್ತದೆ.

ಆದರೆ ಆ ಸಾಲಿನಲ್ಲಿ ಎಲ್ಲ ಮನೆಗಳ ಮಕ್ಕಳೂ ಇದ್ದಾರೆ. ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಇರಕೂಡದೆಂದು ಸಂವಿಧಾನದ 28ನೆಯ ವಿಧಿ ಹೇಳುತ್ತದೆ. ಸರ್ಕಾರದ ಮಾನ್ಯತೆಯೋ ನೆರವೋ ಪಡೆದ ಶಾಲೆಯಲ್ಲಿ ಕೂಡ, ಒಪ್ಪಿಗೆಯಿಲ್ಲದೆ ಯಾರನ್ನೂ ಅಲ್ಲಿ ನಡೆಯುವ ಧಾರ್ಮಿಕ ಬೋಧನೆಗೆ, ಉಪಾಸನೆಗೆ ಹಾಜರಾಗೆಂದು ಒತ್ತಾಯಿಸುವಂತಿಲ್ಲ. 1986ರ ಬಿಜೋ ಇಮ್ಯಾನುಯೆಲ್ ಪ್ರಕರಣ ಬೇರೆ ಸಂದರ್ಭದ್ದಾದರೂ ಇಲ್ಲಿ ನೆನೆಯಬೇಕಾದದ್ದು. ಕೇರಳದ ಶಾಲೆಯೊಂದರಲ್ಲಿ ಮೂವರು ಮಕ್ಕಳು ತಮ್ಮ ನಂಬಿಕೆಯ ಕಾರಣಕ್ಕೆ ರಾಷ್ಟ್ರಗೀತೆ ಹಾಡದೆ, ಗೌರವದಿಂದ ಎದ್ದುನಿಂತಿರುತ್ತಿದ್ದರು. ಅವರನ್ನು ಹೊರಹಾಕಿದ್ದು ತಪ್ಪೆಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಗೌರವದಿಂದ ಸುಮ್ಮನಿರುವ ಮಗುವಿಗೂ ಸಾಲಿನಲ್ಲಿ ಪೂರ್ತಿ ಜಾಗವಿದೆ ಎಂಬ ಆ ತಿಳಿವು ಬಿಸಿಯೂಟದ ಜಗಲಿಗೂ ಸಲ್ಲಬೇಕು. ಅನ್ನ ಬೆಳೆದವರನ್ನು, ಬೇಯಿಸಿದವರನ್ನು ಹೆಸರಿಸಿ ನೆನೆಯುವ, ಆಮೇಲೆ ಅವರವರ ದೇವರಿಗೆ ಅರೆನಿಮಿಷದ ಮೌನ ಬಿಡುವ ಪ್ರಾರ್ಥನೆಯನ್ನು ಶಿಕ್ಷಕರು ಕಟ್ಟಿಕೊಡಬಲ್ಲರು. ಅದನ್ನು ಹೇಳಲು ಯಾವ ಮನೆಯ ಮಗುವಿಗೂ ಅಡ್ಡಿಯಿಲ್ಲ.

ಬೇಯಿಸಿದವರನ್ನು ಹೆಸರಿಸುವುದು ಯಾಕೆ ಮುಖ್ಯ ಎಂಬುದನ್ನು ನಮ್ಮ ಪತ್ರಿಕೆಗಳೇ ಹೇಳುತ್ತವೆ. ದಲಿತ ಮಹಿಳೆ ಅಡುಗೆ ಮಾಡಿದಳೆಂದು ಪೋಷಕರು ಮಕ್ಕಳಿಗೆ ಬಿಸಿಯೂಟ ಬಿಡಿಸಿದ, ಶಾಲೆಯನ್ನೇ ಬಿಡಿಸಿದ ಸುದ್ದಿಗಳು ಈ ರಾಜ್ಯದಿಂದ ಮತ್ತೆ ಮತ್ತೆ ಬಂದಿವೆ. ಮಗು ಕಣ್ಣುಮುಚ್ಚಿ ಅನ್ನಪೂರ್ಣೆಯನ್ನು ಸ್ತುತಿಸಬೇಕು, ಕಣ್ಣೆದುರು ಸೌಟು ಹಿಡಿದು ನಿಂತ ಅನ್ನಪೂರ್ಣೆಯ ಕೈಯಿಂದ ಮಾತ್ರ ಉಣ್ಣಕೂಡದು! ಇದಕ್ಕಿಂತ ದೊಡ್ಡ ದೇವನಿಂದೆ ಇನ್ನೊಂದಿಲ್ಲ.

ಪಂಕ್ತಿಯ ಗಾಯ

ಈ ನೋವು ಹಳೆಯದು. ‘ಗೋವಿಂದ’ ಎಂದು ದನಿಗೂಡಿಸಿದ ಅದೇ ಪಂಕ್ತಿ ಜಾತಿಯ ಗೆರೆ ಎಳೆದು ಕೂರಿಸಿತು. ಹಳ್ಳಿಯ ಹೋಟೆಲುಗಳು ದಲಿತರಿಗೆ ಬೇರೆ ಲೋಟ ಇಟ್ಟವು. ಉಂಡೆದ್ದ ಎಲೆಗಳ ಮೇಲೆ ಉರುಳುವ ಮಡೆಸ್ನಾನವನ್ನು ಹರಕೆಯೆಂದು ಬಹುಕಾಲ ಸಮರ್ಥಿಸಿದರು. ಎಂಜಲೆಲೆಯ ಮೇಲೆ ಉರುಳಿಸುವಂಥ, ಮನುಷ್ಯರ ಘನತೆ ಕಳೆಯುವ ಆಚರಣೆಗಳನ್ನು ತಡೆಯಲು 2017ರಲ್ಲಿ ಕಾಯ್ದೆಯೇ ಬರಬೇಕಾಯಿತು. ಅದು ಜಾರಿಯಾದದ್ದು 2020ರಲ್ಲಿ. ಊಟದ ಪ್ರಾರ್ಥನೆಯನ್ನು ಪ್ರೀತಿಸುವವರು ಈ ಚರಿತ್ರೆಯನ್ನು ದಾಟಿ ಹೋಗುವಂತಿಲ್ಲ. ಪಕ್ಕದಲ್ಲಿ ಯಾರಿಗೆ ಎಲೆ ಹಾಕಿಲ್ಲ ಎಂದು ತಿರುಗಿ ನೋಡದ ಪ್ರಾರ್ಥನೆ, ಎಷ್ಟೇ ಶುದ್ಧವಾಗಿ ಉಚ್ಚರಿಸಿದರೂ, ಕೊಟ್ಟು ಮುರಿದ ಮಾತು.

ಮಾತು ಉಳಿಸಿಕೊಂಡ ಉದಾಹರಣೆಗಳೂ ನಮ್ಮಲ್ಲಿವೆ. ಧರ್ಮಸ್ಥಳದಲ್ಲಿ ಜೈನ ಮನೆತನದ ಹೆಗ್ಗಡೆಯವರ ಆಡಳಿತ, ವೈಷ್ಣವ ಅರ್ಚಕರ ಪೂಜೆ, ಶಿವನ ಸನ್ನಿಧಿ. ಅಲ್ಲಿಯ ಅನ್ನಪೂರ್ಣ ಛತ್ರದಲ್ಲಿ ದಿನವೂ ಸಾವಿರಾರು ಜನ ಊರು ಮತ ಕೇಳಿಸಿಕೊಳ್ಳದೆ ಉಣ್ಣುತ್ತಾರೆ. ಹೊರನಾಡಿನಲ್ಲಿ ದೇವಿಯ ದರ್ಶನಕ್ಕೆ ಬಂದವರು ಉಣ್ಣದೆ ಹೋಗುವುದಿಲ್ಲ. 2017ರ ಜೂನ್‌ನಲ್ಲಿ, ರಂಜಾನ್ ತಿಂಗಳ ಕೊನೆಯಲ್ಲಿ, ಪೇಜಾವರದ ವಿಶ್ವೇಶತೀರ್ಥ ಸ್ವಾಮೀಜಿ ಉಡುಪಿ ಕೃಷ್ಣಮಠದ ಊಟದ ಸಭಾಂಗಣಕ್ಕೆ ಮುಸ್ಲಿಮರನ್ನು ಇಫ್ತಾರಿಗೆ ಕರೆದರು. ಸಂಜೆಯ ಹೊತ್ತಿಗೆ ಖರ್ಜೂರ, ಹಣ್ಣು ಕೊಟ್ಟು ಉಪವಾಸ ಬಿಡಿಸಿದರು. ನಮಾಜಿಗೂ ಅಲ್ಲೇ ಜಾಗ ಸಿಕ್ಕಿತು. ಅದಕ್ಕೆ ವಿರೋಧ ಬಂದಾಗಲೂ ಅವರು ತಮ್ಮ ನಡೆಯನ್ನು ಸಮರ್ಥಿಸಿಕೊಂಡರು. ಒಬ್ಬರ ಅನ್ನದ ಎದುರು ಇನ್ನೊಬ್ಬರು ತಮ್ಮ ದೇವರನ್ನು ನೆನೆಯಬಹುದೆಂದು ಆ ಸಂಜೆ ತೋರಿಸಿತು.

ಕಾಯುವ ಗಳಿಗೆ

ಪ್ರಾರ್ಥನೆಗೆ ಮೊದಲು ಬೇಕಾದದ್ದು ಒಂದು ಗಳಿಗೆ: ಎಲ್ಲರ ಮುಂದೆಯೂ ಅನ್ನ ಬಂದಿರುವ, ಯಾರೂ ಇನ್ನೂ ತುತ್ತೆತ್ತದ ಗಳಿಗೆ. ಇಂದಿನ ನಮ್ಮ ಸಮಾರಂಭಗಳಲ್ಲಿ ಕಳೆದುಹೋಗಿರುವುದು ಅದೇ. ಬಫೆಯಲ್ಲಿ ಒಬ್ಬರು ಐಸ್‌ಕ್ರೀಮಿಗೆ ತಲುಪಿದಾಗ ಇನ್ನೊಬ್ಬರು ತಟ್ಟೆಗಾಗಿ ಹುಡುಕುತ್ತಿರುತ್ತಾರೆ. ಕಲ್ಯಾಣ ಮಂಟಪಗಳಲ್ಲಿ ಪಂಕ್ತಿ ಇದ್ದರೂ, ಉಣ್ಣುತ್ತಿರುವವರ ಬೆನ್ನಿಗೇ ಮುಂದಿನವರು ಕುರ್ಚಿ ಹಿಡಿದು ನಿಂತಿರುತ್ತಾರೆ. ‘ಸಾವಕಾಶವಾಗಿ ಆಗಲಿ’ ಎನ್ನುವ ಯಜಮಾನರ ಮಾತಿಗೆ ಬೆಲೆಯೇ ಇರುವುದಿಲ್ಲ. ಇದರ ಪರಿಣಾಮ ಎಲೆಯ ಮೇಲೆ ಕಾಣುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ತಂಡವೊಂದು 2012ರಲ್ಲಿ ನಗರದ ಮದುವೆಗಳನ್ನು ಸಮೀಕ್ಷಿಸಿ, ವರ್ಷಕ್ಕೆ 943 ಟನ್ ಒಳ್ಳೆಯ ಆಹಾರ ವ್ಯರ್ಥವಾಗುತ್ತಿದೆ ಎಂದು ಲೆಕ್ಕ ಹಾಕಿತು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ವರದಿಯ ಪ್ರಕಾರ 2022ರಲ್ಲಿ ಜಗತ್ತು ಚೆಲ್ಲಿದ ಆಹಾರ 105 ಕೋಟಿ ಟನ್. ಅದರಲ್ಲಿ ಹೆಚ್ಚಿನ ಪಾಲು ಮನೆಗಳದು. ಲಕ್ಕಮ್ಮ ಹಿಂದಕ್ಕೆ ಕಳಿಸಿದ್ದು ಒಂದು ಸೆರಗಿನಷ್ಟು ಅಕ್ಕಿ.

ಕಾಯುವ ಗಳಿಗೆಯನ್ನು ಮರಳಿ ತರುವುದು ನಮ್ಮ ಕೈಯಲ್ಲಿದೆ. ಮನೆಯಲ್ಲಿ ಕೊನೆಯವರು ಕೂರುವವರೆಗೆ ಉಳಿದವರು ಕೈ ಕಟ್ಟಿ ಕೂರಬಹುದು. ಕೊನೆಯವರು ಎಂದರೆ ಬಹುತೇಕ ಬಡಿಸುತ್ತಿರುವ ತಾಯಿಯೇ ಆದ್ದರಿಂದ, ಅವರೂ ತಟ್ಟೆ ಹಿಡಿದು ಕೂತ ಮೇಲೆಯೇ ಪ್ರಾರ್ಥನೆ ಆಗಬೇಕು. ಬೇರೆ ಬೇರೆ ಮತದವರು ಒಂದೇ ಮೇಜಿಗೆ ಕೂತಾಗ ಆತಿಥೇಯರು ‘ನಿಮ್ಮ ನಿಮ್ಮ ಪ್ರಾರ್ಥನೆ ಆಗಲಿ, ಆಮೇಲೆ ಶುರುಮಾಡೋಣ’ ಎಂದರೆ ಸಾಕು, ನಂಬಿಕೆಯಿಲ್ಲದವರಿಗೂ ಆ ಮಾತಿನಲ್ಲಿ ಜಾಗ ಇರುತ್ತದೆ. ಪ್ರಾರ್ಥಿಸಿ ಕೂತವರು ಎಲೆಯಲ್ಲಿ ಬಿಡುವುದನ್ನು ನಾಚಿಕೆಯ ಸಂಗತಿಯೆಂದು ತಿಳಿಯಬೇಕು, ಬೇಡವಾದದ್ದಕ್ಕೆ ಮೊದಲೇ ಕೈ ಅಡ್ಡ ಹಿಡಿಯಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಅಡುಗೆಯವರ ಊಟ. ಸಾವಿರ ಎಲೆಯ ಮದುವೆಯಲ್ಲಿ ಹಿಂದಿನ ರಾತ್ರಿಯಿಂದ ನಿಂತು ಬೇಯಿಸಿದವರು, ಬಕೆಟ್ ಹೊತ್ತು ಸಾಲುಸಾಲು ಓಡಿದ ಹುಡುಗರು, ಎಂಜಲೆಲೆ ತೆಗೆಯುವ ಹೆಂಗಸರು ಉಣ್ಣುವುದು ಮಧ್ಯಾಹ್ನ ಕಳೆದ ಮೇಲೆ, ಮೂಲೆಯಲ್ಲಿ, ಉಳಿದದ್ದನ್ನು. ಊಟಕ್ಕೆ ಮೊದಲು ದೇವರ ಹೆಸರು ಹೇಳುವ ಯಜಮಾನರು ಈ ಜನರಿಗಾಗಿಯೇ ಒಂದು ಪಂಕ್ತಿಯನ್ನು ಗೊತ್ತುಮಾಡಬೇಕು. ಅದೇ ಸಾಲಿನಲ್ಲಿ, ಅದೇ ಎಲೆಯಲ್ಲಿ, ಅದೇ ಹೋಳಿಗೆ ತುಪ್ಪದೊಂದಿಗೆ, ಮನೆಯವರು ತಾವೇ ನಿಂತು ಬಡಿಸಬೇಕು. ಅವರ ನಡುವೆ ಕೈಮುಗಿದು ನಡೆದು ‘ಸಾವಕಾಶವಾಗಿ ಆಗಲಿ’ ಎಂದು ಬೇಡಿಕೊಳ್ಳಬೇಕು. ಮೊದಲ ತುತ್ತಿಗೂ ಮೊದಲು ಕೊಟ್ಟ ಮಾತು ಆ ಪಂಕ್ತಿ ಎದ್ದಾಗಲೇ ಸಂದಾಯವಾಗುವುದು.